ದಿವಾನ್ ಮಿರ್ಝಾ ಇಸ್ಮಾಯಿಲ್ ಮತ್ತು ಕುಟುಂಬ ಯೋಜನೆ

ಸರ್ ಮಿರ್ಝಾ ಇಸ್ಮಾಯಿಲ್ ಎಂಬ ಹೆಸರು ಕೇಳಿದೊಡನೆ ನಿಮಗೆ ಏನು ನೆನಪಾಗುತ್ತದೆ? ಹಲವರಿಗೆ ಕೃಷ್ಣರಾಜಸಾಗರದ ಬೃಂದಾವನ ಉದ್ಯಾನ ನೆನಪಾಗಬಹುದು. ಮಂಡ್ಯದವರಿಗೆ ಸಕ್ಕರೆ ಕಾರ್ಖಾನೆ, ಭದ್ರಾವತಿಯವರಿಗೆ ಕಾಗದದ ಕಾರ್ಖಾನೆ ನೆನಪಾಗಬಹುದು. ನಮ್ಮ ದಾವಣಗೆರೆಯ ವಿದ್ಯಾನಗರದಿಂದ ಸ್ವಲ್ಪ ದೂರ ಹೋದರೆ ಸಿಗುವ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾಗಿ, ಎರಡು ತಲೆಮಾರುಗಳಿಗೆ ಅನ್ನ ನೀಡಿ, ಈಗ ಬಾಗಿಲು ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಅವರ ಕಾಲದ ಕೈಗಾರಿಕಾ ನೀತಿಯ ಫಲವೇ. ಆದರೆ ಅವರ ಆಡಳಿತದಲ್ಲಿ ನಡೆದ ಇನ್ನೊಂದು ಕಾರ್ಯವನ್ನು ನಮ್ಮ ಮನೆಗಳಲ್ಲಿ ಯಾರೂ ನೆನೆಯುವುದಿಲ್ಲ. 1930ರ ಜೂನ್ ತಿಂಗಳಲ್ಲಿ, ಅವರು ದಿವಾನರಾಗಿದ್ದಾಗ, ಮೈಸೂರು ಸರಕಾರವು ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಒಂದು ಸರಕಾರವೇ ಮುಂದೆ ನಿಂತು ಇಂತಹ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲಿ ಅದೇ ಮೊದಲು ಎಂದು ಈ ವಿಷಯದ ಇತಿಹಾಸ ಬರೆದವರು ಹೇಳುತ್ತಾರೆ.

ಈ ಸಂಗತಿಯನ್ನು ಇಂದು ಏಕೆ ನೆನೆಯಬೇಕು? ಏಕೆಂದರೆ ಕುಟುಂಬ ಯೋಜನೆಯ ಮಾತು ಬಂದಾಗ ನಮ್ಮ ಸಮುದಾಯ ಎರಡು ಬಗೆಯ ಭಯಗಳ ನಡುವೆ ಸಿಕ್ಕಿಕೊಂಡಿದೆ. ಧರ್ಮದ ಎಲ್ಲೆ ಮೀರಿ ಪಾಪ ಮಾಡಿದಂತಾಗುತ್ತದೋ ಎಂಬ ಭಯ ಒಂದು. ಸರಕಾರ ನಮ್ಮ ಸಂಖ್ಯೆಯನ್ನು ಕುಗ್ಗಿಸಲು ಹೊರಟಿದೆಯೋ ಎಂಬ ಭಯ ಇನ್ನೊಂದು. ಈ ಎರಡು ಭಯಗಳ ನಡುವೆ, ಮಗುವಿಗೆ ವರ್ಷ ತುಂಬುವ ಮೊದಲೇ ಮತ್ತೆ ಬಸುರಾದ ಹೆಣ್ಣುಮಗಳ ಆರೋಗ್ಯದ ಪ್ರಶ್ನೆಯನ್ನು ಕೇಳುವವರೇ ಇಲ್ಲ. ಆದುದರಿಂದ ಒಬ್ಬ ಮುಸ್ಲಿಮ್ ದಿವಾನರ ಬದುಕಿನ ಮೂಲಕ ಈ ವಿಷಯವನ್ನು ಸ್ವಲ್ಪ ಸಮಾಧಾನದಿಂದ ನೋಡೋಣ.

ಶಿರಾಝ್‌ನಿಂದ ಬೆಂಗಳೂರಿಗೆ

ಮಿರ್ಝಾ ಅವರ ಅಜ್ಜ ಆಗಾ ಅಲಿ ಅಸ್ಕರ್ ಇರಾನಿನ ಶಿರಾಝ್ ಪಟ್ಟಣದವರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕುದುರೆಗಳ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಗೆ ಕುದುರೆಗಳನ್ನು ಒದಗಿಸಿ ವಿಶ್ವಾಸ ಗಳಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಇದೇ ಮನೆತನದಲ್ಲಿ 1883ರ ಅಕ್ಟೋಬರಿನಲ್ಲಿ ಮಿರ್ಝಾ ಇಸ್ಮಾಯಿಲ್ ಜನಿಸಿದರು.

ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ಅವರ ಜೊತೆಗೆ ಓದಲೆಂದು ಕೆಲವು ಹುಡುಗರನ್ನು ಆರಿಸಲಾಯಿತು. ಅವರಲ್ಲಿ ಮಿರ್ಝಾ ಒಬ್ಬರು. ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿ ಅವರೆಲ್ಲರ ಗುರು. ಹಿಂದೂ ಅರಸುಮಗ ಮತ್ತು ಮುಸ್ಲಿಮ್ ವ್ಯಾಪಾರಿಯ ಮೊಮ್ಮಗ ಒಂದೇ ಬೆಂಚಿನಲ್ಲಿ ಕುಳಿತು ಬೆಳೆಸಿಕೊಂಡ ಸ್ನೇಹ ಮಹಾರಾಜರು ತೀರಿಕೊಂಡ 1940ರವರೆಗೂ ಸಡಿಲಗೊಳ್ಳಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮಿರ್ಝಾ, 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಹಾಯಕ ಸೂಪರಿಂಟೆಂಡೆಂಟರಾಗಿ ಸೇರಿದರು. ಬಳಿಕ ಅರಮನೆಯ ಕಾರ್ಯಾಲಯಕ್ಕೆ ಬಂದು ಮಹಾರಾಜರ ಆಪ್ತ ಕಾರ್ಯದರ್ಶಿಯ ಸ್ಥಾನಕ್ಕೇರಿದರು. 1926ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಮೈಸೂರಿನ ದಿವಾನರಾದರು. 1941ರವರೆಗೆ ಹದಿನೈದು ವರ್ಷ ಆ ಹೊಣೆ ಹೊತ್ತರು.

ಬೆಳಗಿನ ಹೊತ್ತು ಕುದುರೆಯೇರಿ ಊರಿನ ಬೀದಿಗಳನ್ನು ಸುತ್ತಿ, ಚರಂಡಿ, ಕಸ, ನೀರಿನ ವ್ಯವಸ್ಥೆಗಳನ್ನು ಕಣ್ಣಾರೆ ನೋಡುವುದು ಅವರ ರೂಢಿಯಾಗಿತ್ತು. ಚೊಕ್ಕಟತನ ಅವರಿಗೆ ಬರೀ ಅಂದದ ವಿಷಯವಾಗಿರಲಿಲ್ಲ, ಜನರ ಆರೋಗ್ಯದ ವಿಷಯವಾಗಿತ್ತು. ಅವರ ಕಾಲದಲ್ಲಿ ಬೆಂಗಳೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆಯ ಹೊಸ ಕಟ್ಟಡ 1935ರಲ್ಲಿ ತೆರೆಯಿತು. ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಹಳ್ಳಿಗಾಡಿನ ಆರೋಗ್ಯ ಘಟಕ ಆರಂಭವಾಯಿತು. ರಾಮನಗರದ ಈ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

1930ರ ಆ ಆಜ್ಞೆ

ಆಗಿನ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 65 ಲಕ್ಷ. ಹೆರಿಗೆಗಳು ಬಹುತೇಕ ಮನೆಗಳಲ್ಲೇ ಆಗುತ್ತಿದ್ದವು, ಸೂಲಗಿತ್ತಿಯರೇ ಗತಿ. ಬಾಣಂತಿಯರ ಸಾವು, ಎಳೆಗೂಸುಗಳ ಸಾವು ಪ್ರತಿಯೊಂದು ಬೀದಿಯಲ್ಲೂ ಸಾಮಾನ್ಯ ಸಂಗತಿ. ಇಂತಹ ಕಾಲದಲ್ಲಿ ಸರಕಾರಿ ಆಸ್ಪತ್ರೆಯ ವೈದ್ಯರು ವಿವಾಹಿತ ಹೆಣ್ಣುಮಕ್ಕಳಿಗೆ ಗರ್ಭಧಾರಣೆಯ ನಡುವೆ ಅಂತರ ಇಡುವ ಬಗೆಯನ್ನು ಹೇಳಿಕೊಡಬಹುದೆಂದು ಮೈಸೂರು ಸರಕಾರ ತೀರ್ಮಾನಿಸಿತು.

ಅಂದಿನ ವಾತಾವರಣವನ್ನು ನೀವು ಊಹಿಸಿಕೊಳ್ಳಬೇಕು. ಮುಂಬಯಿಯಲ್ಲಿ ಆರ್.ಡಿ. ಕರ್ವೆ 1920ರ ದಶಕದಲ್ಲಿ ಖಾಸಗಿಯಾಗಿ ಇಂತಹ ಕೆಲಸ ಆರಂಭಿಸಿ ಸಮಾಜದ ನಿಂದೆಗೆ ಗುರಿಯಾಗಿದ್ದರು. ಬ್ರಿಟಿಷ್ ಸರಕಾರ ಈ ವಿಷಯದ ಗೋಜಿಗೆ ಹೋಗಲು ಹೆದರುತ್ತಿತ್ತು. ಮಿರ್ಝಾ ಅವರು ತುಂಬ ಗೌರವಿಸುತ್ತಿದ್ದ ಗಾಂಧೀಜಿ ಕೃತಕ ಸಾಧನಗಳನ್ನು ಒಪ್ಪುತ್ತಿರಲಿಲ್ಲ, ದಂಪತಿಗಳ ಆತ್ಮಸಂಯಮವೊಂದೇ ದಾರಿ ಎಂಬುದು ಅವರ ನಿಲುವು. ಹೀಗಿರುವಾಗ ಮೈಸೂರು ಈ ಹೆಜ್ಜೆ ಇಟ್ಟಿತು. ಅದೇ ವರ್ಷದ ಕೊನೆಗೆ ಮಿರ್ಝಾ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ದೇಶದ ರಾಜಕೀಯ ಭವಿಷ್ಯದ ದೊಡ್ಡ ಮಾತುಕತೆಯ ಸದ್ದಿನಲ್ಲಿ ಆಸ್ಪತ್ರೆಯ ಒಂದು ಕೋಣೆಯ ಸುದ್ದಿ ಮರೆಯಾದದ್ದು ಸಹಜ.

ಈ ಚಿಕಿತ್ಸಾಲಯಗಳಿಗೆ ಜನ ಸಾಲುಗಟ್ಟಿ ಬರಲಿಲ್ಲ. ಅಂದು ಮಾತ್ರೆಗಳಿರಲಿಲ್ಲ, ಕಾಪರ್ ಟಿ ಇರಲಿಲ್ಲ. ಇದ್ದ ಸಾಧನಗಳು ದುಬಾರಿ, ಬಳಸಲು ಕಷ್ಟ. ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ನಾದಿನಿ, ಮಕ್ಕಳ ನಡುವೆ ಬದುಕುವ ಹೆಣ್ಣಿಗೆ ಅವು ಹೇಗೆ ಒದಗಿಯಾವು? ಪಟ್ಟಣದ ಆಸ್ಪತ್ರೆಗೆ ಹೋಗಿಬರಲು ಗಂಡನ ಒಪ್ಪಿಗೆ ಬೇಕು, ಗಾಡಿ ಬಾಡಿಗೆ ಬೇಕು. ಆದರೂ ಆ ಆಜ್ಞೆಯಲ್ಲಿ ಗಮನಿಸಬೇಕಾದ ಒಂದು ಗುಣವಿತ್ತು. ಅದು ಯಾರನ್ನೂ ಬಲವಂತಪಡಿಸಲಿಲ್ಲ. ಬೇಕಾದವರು ಬಂದು ವೈದ್ಯರನ್ನು ಕೇಳಬಹುದಾಗಿತ್ತು, ಬೇಡವಾದವರು ಮನೆಯಲ್ಲೇ ಇರಬಹುದಾಗಿತ್ತು.

ಇಸ್ಲಾಮೀ ವಿದ್ವಾಂಸರು ಏನು ಹೇಳುತ್ತಾರೆ?

ಒಬ್ಬ ಮುಸ್ಲಿಮ್ ದಿವಾನರ ಸರಕಾರ ಹೀಗೆ ಮಾಡಿದ್ದು ಸರಿಯೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಹೊಸ ಪುಸ್ತಕಗಳಲ್ಲಿ ಹುಡುಕಬೇಕಾಗಿಲ್ಲ. ಮದ್ರಸದಲ್ಲಿ ಮಿಶ್ಕಾತ್ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ನಿಕಾಹ್‌ನ ಅಧ್ಯಾಯದಲ್ಲಿ ಅಝ್ಲ್ ಕುರಿತ ಹದೀಸ್‌ಗಳನ್ನು ಓದಿಯೇ ಇರುತ್ತಾನೆ. ಅಝ್ಲ್ ಎಂದರೆ ಗರ್ಭ ನಿಲ್ಲದಂತೆ ಪತಿಯು ಎಚ್ಚರ ವಹಿಸುವ ಅಂದಿನ ಕ್ರಮ. ಪ್ರವಾದಿ(ಸ)ರವರ ಕಾಲದಲ್ಲಿ, ಕುರ್‌ಆನ್ ಅವತೀರ್ಣವಾಗುತ್ತಿದ್ದಾಗಲೇ, ಸಹಾಬಿಗಳು ಹೀಗೆ ಮಾಡುತ್ತಿದ್ದರೆಂದೂ ಅದನ್ನು ನಿಷೇಧಿಸಲಾಗಲಿಲ್ಲವೆಂದೂ ಹಝ್ರತ್ ಜಾಬಿರ್(ರ) ವರದಿ ಮಾಡಿದ್ದಾರೆ. ಇದನ್ನು ಮೆಚ್ಚದಿರುವ ಅರ್ಥ ಬರುವ ಹದೀಸ್ ಕೂಡ ಇದೆ, ಅದನ್ನು ಆಧರಿಸಿ ಇಬ್ನು ಹಝ್ಮ್‌ರಂತಹ ಕೆಲವು ವಿದ್ವಾಂಸರು ಕಟ್ಟುನಿಟ್ಟಿನ ನಿಲುವು ತಾಳಿದರು. ಆದರೆ ಹನಫೀ ಫಿಕ್ಹ್ ಸೇರಿದಂತೆ ಬಹುಪಾಲು ವಿದ್ವಾಂಸರು ಪತ್ನಿಯ ಒಪ್ಪಿಗೆ ಇದ್ದರೆ ಇದಕ್ಕೆ ಅನುಮತಿ ಇದೆ ಎಂದರು. ಪತ್ನಿಯ ಒಪ್ಪಿಗೆ ಎಂಬ ಈ ಮಾತನ್ನು ಪುರುಷರು ಎರಡು ಸಲ ಓದಬೇಕು.

ಇಮಾಮ್ ಗಝ್ಝಾಲಿ(ರ)ಯವರು ಇಹ್ಯಾ ಗ್ರಂಥದಲ್ಲಿ ಈ ವಿಷಯವನ್ನು ವಿವರವಾಗಿ ಚರ್ಚಿಸಿದ್ದಾರೆ. ಹೆರಿಗೆಯ ಅಪಾಯದಿಂದ ಪತ್ನಿಯ ಪ್ರಾಣ ಕಾಪಾಡುವ ಉದ್ದೇಶವನ್ನೂ, ಮಕ್ಕಳು ಹೆಚ್ಚಾಗಿ ಸಂಪಾದನೆಯ ಕಷ್ಟದಿಂದ ತಪ್ಪು ದಾರಿ ಹಿಡಿಯಬೇಕಾಗಿ ಬರುವ ಭಯವನ್ನೂ ಅವರು ನ್ಯಾಯವಾದ ಕಾರಣಗಳೆಂದು ಒಪ್ಪುತ್ತಾರೆ. ಆದರೆ ಹೆಣ್ಣು ಹುಟ್ಟೀತೆಂಬ ಭಯದಿಂದ ಹೀಗೆ ಮಾಡುವುದನ್ನು ಖಂಡಿಸುತ್ತಾರೆ. ಗರ್ಭ ನಿಲ್ಲುವ ಮೊದಲು ತಡೆಯುವುದಕ್ಕೂ ನಿಂತ ಗರ್ಭವನ್ನು ಅಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಸ್ಪಷ್ಟಪಡಿಸಿದ್ದಾರೆ. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲಬಾರದೆಂಬ ಕುರ್‌ಆನಿನ ಆಜ್ಞೆ ಈ ಎರಡನೆಯದರ ಕುರಿತು ನಮ್ಮನ್ನು ಎಚ್ಚರಿಸುತ್ತದೆ. ಇನ್ನೊಂದೆಡೆ, ಮಗುವಿಗೆ ಎರಡು ವರ್ಷ ಪೂರ್ಣ ಹಾಲೂಡಿಸುವ ಮಾತು ಕುರ್‌ಆನಿನಲ್ಲೇ ಇದೆ. ಇಂದಿನ ವೈದ್ಯರೂ ಎರಡು ಹೆರಿಗೆಗಳ ನಡುವೆ ಅಂತರವಿರಬೇಕೆಂದು ಹೇಳುವುದು ತಾಯಿ ಚೇತರಿಸಿಕೊಳ್ಳಲಿ, ಹಾಲು ಕುಡಿಯುವ ಮಗುವಿನ ಪಾಲು ತಪ್ಪದಿರಲಿ ಎಂದೇ ಅಲ್ಲವೇ?

ಈಜಿಪ್ಟಿನ ಫತ್ವಾ ವಿಭಾಗ 1937ರಲ್ಲಿ ದಂಪತಿಗಳು ಸಂತಾನದ ಅಂತರಕ್ಕಾಗಿ ಸಾಧನಗಳನ್ನು ಬಳಸಬಹುದೆಂದು ಅಭಿಪ್ರಾಯ ನೀಡಿತು. ಅಂದರೆ ಮೈಸೂರಿನ ಆಜ್ಞೆ ಅದಕ್ಕಿಂತ ಏಳು ವರ್ಷ ಮೊದಲಿನದು. ಮೌಲಾನಾ ಮೌದೂದಿಯವರು ಇದೇ ವಿಷಯದ ಮೇಲೆ ಪುಸ್ತಕ ಬರೆದು, ಸಂತಾನ ನಿಯಂತ್ರಣವನ್ನು ಒಂದು ಚಳವಳಿಯಾಗಿ, ಸರಕಾರಿ ನೀತಿಯಾಗಿ ನಡೆಸುವುದನ್ನು ಬಲವಾಗಿ ವಿರೋಧಿಸಿದರು. ಒಬ್ಬೊಬ್ಬ ದಂಪತಿಯ ಅಗತ್ಯ ಬೇರೆ, ಇಡೀ ಸಮಾಜಕ್ಕೆ ಹೇರುವ ಕಾರ್ಯಕ್ರಮ ಬೇರೆ. ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದು ಮುಂದಿನ ದಿನಗಳಲ್ಲಿ ನಮ್ಮ ದೇಶಕ್ಕೆ ಕಹಿಯಾಗಿ ತಿಳಿಯಿತು.

ಮೈಸೂರಿನ ಆಚೆಗೆ

1941ರಲ್ಲಿ ಮೈಸೂರಿನ ದಿವಾನಗಿರಿ ಬಿಟ್ಟ ಮಿರ್ಝಾ, 1942ರಿಂದ 1946ರವರೆಗೆ ಜಯಪುರದ ಪ್ರಧಾನಿಯಾಗಿದ್ದರು. 1946ರಲ್ಲಿ ಹೈದರಾಬಾದಿಗೆ ಹೋದರು. ಭಾರತದೊಂದಿಗೆ ಹೊಂದಿಕೊಂಡು ಹೋಗಬೇಕೆಂಬ ಅವರ ಸಲಹೆಗೆ ಅಲ್ಲಿ ಬೆಂಬಲ ಸಿಗದೆ 1947ರಲ್ಲಿ ರಾಜೀನಾಮೆ ನೀಡಿದರು. ದೇಶದ ವಿಭಜನೆಯನ್ನು ಅವರು ಒಪ್ಪಲಿಲ್ಲ, ಅದು ನಡೆದ ಬಳಿಕವೂ ಹುಟ್ಟಿದ ನೆಲವನ್ನು ಬಿಡಲಿಲ್ಲ. 1950ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೋನೇಷ್ಯಾಕ್ಕೆ ತೆರಳಿದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳ ಪುಸ್ತಕ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು.

ಅವರ ಬದುಕಿನ ಕೊನೆಯ ವರ್ಷಗಳಲ್ಲಿ, 1930ರಲ್ಲಿ ಬಿತ್ತಿದ ಬೀಜದ ಸ್ಥಿತಿ ಏನಾಗಿದೆಯೆಂದು ತಿಳಿಯುವ ಅವಕಾಶ ಬಂತು. 1951-52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರಕಾರವೂ ಸೇರಿ ಮೈಸೂರು ರಾಜ್ಯದಲ್ಲಿ ಜನಸಂಖ್ಯೆಯ ಒಂದು ದೊಡ್ಡ ಅಧ್ಯಯನ ನಡೆಸಿದವು. ಮಕ್ಕಳ ಸಂಖ್ಯೆಗೆ ಮಿತಿಯಿರಲೆಂದು ಬಯಸುವ ಅನೇಕ ದಂಪತಿಗಳು ಪಟ್ಟಣದಲ್ಲೂ ಹಳ್ಳಿಯಲ್ಲೂ ಇದ್ದಾರೆ, ಆದರೆ ಹೇಗೆಂಬ ತಿಳುವಳಿಕೆ ಮಾತ್ರ ಬಹಳ ಕಡಿಮೆ ಎಂದು ಅದರಲ್ಲಿ ಕಂಡುಬಂತು. ಇಪ್ಪತ್ತು ವರ್ಷ ಚಿಕಿತ್ಸಾಲಯ ತೆರೆದಿದ್ದರೂ ಸುದ್ದಿ ಹಳ್ಳಿಯನ್ನು ತಲುಪಿರಲಿಲ್ಲ.

1952ರಲ್ಲಿ ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ, ಸಾಧನಗಳನ್ನು ಇಷ್ಟಪಡದವರು. ಆದುದರಿಂದ ತಿಂಗಳಿನ ಸುರಕ್ಷಿತ ದಿನಗಳನ್ನು ಲೆಕ್ಕ ಹಾಕುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪರೀಕ್ಷಿಸಲಾಯಿತು. ಅದಕ್ಕೆ ಆರಿಸಿದ ಸ್ಥಳಗಳಲ್ಲಿ ಒಂದು ನಮ್ಮ ರಾಮನಗರ. ದಿನಕ್ಕೊಂದು ಮಣಿ ಸರಿಸಿ ಲೆಕ್ಕ ಹಿಡಿಯಲೆಂದು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಆದರೆ ಕೊನೆಯವರೆಗೂ ಅದನ್ನು ಪಾಲಿಸಿದವರು ಕೆಲವರೇ. ಲೆಕ್ಕವನ್ನೆಲ್ಲ ಹೆಣ್ಣಿನ ಕೈಗೆ ಕೊಟ್ಟು ಗಂಡನಿಗೆ ಏನನ್ನೂ ಕಲಿಸದ ಯೋಜನೆ ಹೇಗೆ ಗೆದ್ದೀತು?

ನಂಬಿಕೆ ಒಡೆದ ವರ್ಷ

ಬೇಕಾದವರು ಬಂದು ಕೇಳಲಿ ಎಂಬ 1930ರ ರೀತಿಗೆ ತೀರ ವಿರುದ್ಧವಾದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ ನಡೆಯಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್‌ಗಳು ನಡೆದವು. ಅಧಿಕಾರಿಗಳಿಗೆ ಇಷ್ಟು ಸಂಖ್ಯೆ ಎಂದು ಗುರಿ ನಿಗದಿಯಾಗಿತ್ತು, ಶಾಲಾ ಮಾಸ್ತರರನ್ನೂ ಬಿಡಲಿಲ್ಲ. ಹರಿಯಾಣದ ಉಟಾವರ್ ಎಂಬ ಮುಸ್ಲಿಮ್ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದು ಆಪರೇಷನ್ ಮಾಡಿಸಿದ ಘಟನೆ ಇತಿಹಾಸದಲ್ಲಿ ದಾಖಲಾಗಿದೆ. ಅಂದಿನಿಂದ ಕುಟುಂಬ ಯೋಜನೆ ಎಂಬ ಎರಡು ಪದಗಳ ಅರ್ಥವೇ ಕೆಟ್ಟುಹೋಯಿತು. ನಸ್‌ಬಂದಿ ಎಂಬ ಪದ ಕೇಳಿದರೆ ಇಂದಿಗೂ ನಮ್ಮ ಹಿರಿಯರು ಮುಖ ತಿರುಗಿಸುತ್ತಾರೆ. ಅವರ ಭಯಕ್ಕೆ ಕಾರಣವಿತ್ತು. ಗುರಿ ನಿಗದಿ ಮಾಡುವ ಪದ್ಧತಿಯನ್ನು ಸರಕಾರ ದೇಶಾದ್ಯಂತ ಕೈಬಿಟ್ಟದ್ದು 1996ರಲ್ಲಿ.

ಮುಸ್ಲಿಮ್ ಸಮಾಜಗಳಲ್ಲಿ ಕಾರ್ಯಕ್ರಮ ರೂಪಿಸುವವರಿಗೆ ಬೇರೆ ದೇಶಗಳಲ್ಲೂ ಪಾಠಗಳಿವೆ. ಮಿರ್ಝಾ ಕೆಲಕಾಲ ದುಡಿದ ಇಂಡೋನೇಷ್ಯಾ 1970ರಲ್ಲಿ ಉಲಮಾಗಳೊಂದಿಗೆ ಕುಳಿತು ಮಾತನಾಡಿ ಕಾರ್ಯಕ್ರಮ ನಡೆಸಿತು. ಸರಾಸರಿ ಐದಕ್ಕೂ ಮೇಲಿದ್ದ ಮಕ್ಕಳ ಸಂಖ್ಯೆ ಮೂರಕ್ಕಿಂತ ಕೆಳಗೆ ಬಂತು. ಅವರ ಅಜ್ಜನ ನಾಡಾದ ಇರಾನ್ 1989ರಲ್ಲಿ ವಿದ್ವಾಂಸರ ಒಪ್ಪಿಗೆ ಪಡೆದು, ಹಳ್ಳಿಹಳ್ಳಿಯ ಆರೋಗ್ಯ ಮನೆಗಳ ಮೂಲಕ ಉಚಿತ ಸೇವೆ ನೀಡಿತು. ಮದುವೆಗೆ ಮೊದಲೇ ವರನಿಗೂ ವಧುವಿಗೂ ಪಾಠ ಹೇಳಿಸಿತು. ಆರಕ್ಕೂ ಮೇಲಿದ್ದ ಸರಾಸರಿ ಹತ್ತು ಹದಿನೈದು ವರ್ಷಗಳಲ್ಲಿ ಎರಡರ ಹತ್ತಿರಕ್ಕೆ ಇಳಿಯಿತು. ಆದರೆ 2012ರ ನಂತರ ಅಲ್ಲಿಯ ಸರಕಾರ ಜನಸಂಖ್ಯೆ ಹೆಚ್ಚಬೇಕೆಂದು ನೀತಿ ಬದಲಿಸಿ, 2021ರ ಕಾನೂನಿನ ಮೂಲಕ ಆ ಸೇವೆಗಳಿಗೆ ಕಡಿವಾಣ ಹಾಕಿತು. ನಾಡಿಗೆ ಜನ ಕಡಿಮೆ ಬೇಕೋ ಹೆಚ್ಚು ಬೇಕೋ ಎಂಬ ಲೆಕ್ಕದಲ್ಲಿ ಆಳುವವರು ಮುಳುಗಿದಾಗ ತಾಯಿಯ ಅಗತ್ಯ ಎರಡು ಸಲವೂ ಹಿಂದೆ ಸರಿಯುವ ಅಪಾಯವಿದೆ.

ನಾವು ಕಲಿಯಬೇಕಾದದ್ದು

ಮುಸ್ಲಿಮರ ಜನಸಂಖ್ಯೆಯ ಬಗ್ಗೆ ಹರಡುವ ಗಾಳಿಮಾತುಗಳನ್ನು ನೀವು ಕೇಳಿರುತ್ತೀರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮುಸ್ಲಿಮ್ ಮಹಿಳೆಯರ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 4.4 ಇದ್ದದ್ದು 2019-21ರ ಹೊತ್ತಿಗೆ 2.4ಕ್ಕೆ ಇಳಿದಿದೆ. ಯಾರ ಬಲವಂತವೂ ಇಲ್ಲದೆ, ಹೆಣ್ಣುಮಕ್ಕಳ ಓದು ಮತ್ತು ಮಕ್ಕಳ ಉಳಿವು ಹೆಚ್ಚಿದಂತೆ ಆದ ಬದಲಾವಣೆ ಇದು. ಹುಟ್ಟಿದ ಮಗು ಬದುಕುತ್ತದೆಂಬ ಭರವಸೆ ಬಂದರೆ ತಾಯಿ ತಂದೆ ತಾವೇ ಯೋಚಿಸುತ್ತಾರೆ.

ಆದರೂ ಉಳಿದಿರುವ ಕೆಲಸ ಬಹಳ. ನಮ್ಮ ಕರ್ನಾಟಕದಲ್ಲಿ ಇಂದಿಗೂ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಪಾಲಿಗೆ ಕುಟುಂಬ ಯೋಜನೆ ಎಂದರೆ ಆಪರೇಷನ್ ಒಂದೇ. ಪುರುಷರ ಆಪರೇಷನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಶಾಶ್ವತವಾಗಿ ಸಂತಾನಶಕ್ತಿ ಕಳೆಯುವುದನ್ನು ಪ್ರಾಣಾಪಾಯದಂತಹ ಕಾರಣವಿಲ್ಲದೆ ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ. ಹಾಗಾದರೆ ಅಂತರ ಇಡುವ ತಾತ್ಕಾಲಿಕ ವಿಧಾನಗಳ ಮಾಹಿತಿ ನಮ್ಮ ಹೆಣ್ಣುಮಕ್ಕಳಿಗೆ ಯಾರು ಕೊಡಬೇಕು? ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವ ತಾಯಿಗೆ, ಬೀಡಿ ಕಟ್ಟುತ್ತ ತೊಟ್ಟಿಲು ತೂಗುವ ತಾಯಿಗೆ, ಯಾವುದು ಹಲಾಲ್, ಯಾವುದು ಹರಾಮ್, ಯಾವುದು ದೇಹಕ್ಕೆ ಒಳಿತು ಎಂದು ಒಟ್ಟಿಗೆ ತಿಳಿಹೇಳುವವರು ಬೇಕು. ಆಲಿಮರು ಒಂದು ಮಾತು, ವೈದ್ಯರು ಇನ್ನೊಂದು ಮಾತು ಹೇಳಿದರೆ ಆಕೆ ಇಬ್ಬರನ್ನೂ ಬಿಟ್ಟು ಸುಮ್ಮನಾಗುತ್ತಾಳೆ.

ಆದುದರಿಂದ ಓದುಗರೇ, ಈ ವಿಷಯವನ್ನು ಮನೆಯಲ್ಲಿ ಮಾತನಾಡಲು ನಾಚಬೇಡಿ. ನಿಮ್ಮ ಪತ್ನಿ ಹಿಂದಿನ ಹೆರಿಗೆಯಿಂದ ಚೇತರಿಸಿಕೊಂಡಿದ್ದಾಳೆಯೇ ಎಂದು ಕೇಳಿರಿ. ಆಕೆಯ ರಕ್ತ ಪರೀಕ್ಷೆ ಮಾಡಿಸಿರಿ. ಹೆರಿಗೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ವೈದ್ಯೆಯ ಮಾತನ್ನು ನೀವೂ ಕೇಳಿಸಿಕೊಳ್ಳಿರಿ. ಸಂಶಯವಿದ್ದರೆ ಅರಿವುಳ್ಳ ಆಲಿಮರಲ್ಲಿ ಕೇಳಿರಿ. ಅತ್ತೆಯಂದಿರು ಸೊಸೆಯ ಮೇಲೆ ಒತ್ತಡ ಹೇರದಿರಲಿ. ಹೆಣ್ಣು ಮಗು ಹುಟ್ಟಿತೆಂದು ಗಂಡಿಗಾಗಿ ಮತ್ತೆ ಮತ್ತೆ ಹೆರಿಗೆಯ ಅಪಾಯಕ್ಕೆ ಆಕೆಯನ್ನು ನೂಕದಿರಲಿ. ಮಸೀದಿ ಜಮಾಅತ್‌ಗಳು ವರ್ಷಕ್ಕೆ ಒಂದೆರಡು ಸಲವಾದರೂ ಲೇಡಿ ಡಾಕ್ಟರರನ್ನೂ ಆಲಿಮರನ್ನೂ ಕರೆಸಿ ಮಹಿಳೆಯರಿಗಾಗಿ ಸಭೆ ನಡೆಸಲಿ. ಕಾರ್ಯಕ್ರಮ ರೂಪಿಸುವ ಅಧಿಕಾರಿಗಳು ಮೊದಲು ಈ ಜನರ ನಂಬಿಕೆ ಗಳಿಸಲಿ, ಆಮೇಲೆ ಅಂಕಿ ಅಂಶ ಬರೆಯಲಿ.

ಮಿರ್ಝಾ ಇಸ್ಮಾಯಿಲ್ ಅವರ ಕಾರ್ಖಾನೆಗಳಲ್ಲಿ ಕೆಲವು ಮುಚ್ಚಿವೆ, ಕೆಲವು ಉಳಿದಿವೆ. 1930ರಲ್ಲಿ ಅವರ ಸರಕಾರ ಆಸ್ಪತ್ರೆಯಲ್ಲಿ ತೆರೆದ ಆ ಬಾಗಿಲು ಮಾತ್ರ ಇಂದು ಪ್ರತಿಯೊಂದು ತಾಲೂಕಿನಲ್ಲೂ ಇದೆ. ಅದರೊಳಗೆ ಹೋಗುವುದೋ ಬಿಡುವುದೋ ಎಂಬುದು ಅಲ್ಲಾಹನಿಗೆ ಉತ್ತರ ಹೇಳಬೇಕಾದ ಪತಿ ಪತ್ನಿಯರ ತೀರ್ಮಾನ. ಆ ತೀರ್ಮಾನವನ್ನು ಅರಿವಿನಿಂದಲೂ ಪರಸ್ಪರ ಕರುಣೆಯಿಂದಲೂ ಮಾಡುವ ಶಕ್ತಿಯನ್ನು ಅಲ್ಲಾಹನು ನಮ್ಮೆಲ್ಲ ಮನೆಗಳಿಗೆ ಕರುಣಿಸಲಿ. ಆಮೀನ್.